ಲವಂಗದೆಣ್ಣೆಯೂ ಸೋಮಪ್ಪನ ದವಡೆಹಲ್ಲೂ

ಲವಂಗದೆಣ್ಣೆ ಕೆಲಸ ಮಾಡುತ್ತಿತ್ತು. ಶಂಕ್ರೆವ್ವನ ತಕರಾರೇ ಅದು.

ದಾಂಡೇಲಿಯ ಪೇಪರ್ ಮಿಲ್ಲಿಗೆ ಹೋಗುವ ಅವಳ ಗಂಡ ಸೋಮಪ್ಪನಿಗೆ ತಿಂಗಳಿಂದ ದವಡೆಹಲ್ಲಿನ ನೋವು. ಹತ್ತಿಯ ಉಂಡೆಗೆ ಎರಡು ಹನಿ ಎಣ್ಣೆ ಹಾಕಿ ಹಲ್ಲಿನ ತೂತಿಗೆ ಒತ್ತುವನು. ಇನ್ನೊಂದು ಉಂಡೆ, ಅತ್ತರು ಇಟ್ಟವರ ಹಾಗೆ, ಕಿವಿಯ ಸಂದಿಯಲ್ಲಿ. ಹತ್ತು ನಿಮಿಷಕ್ಕೆ ನೋವು ಮಾಯ, ದವಾಖಾನೆಯ ಮಾತೂ ಮಾಯ. ಸಾಲದ್ದಕ್ಕೆ ಹಲ್ಲಿಗೆ, ನೆಗಡಿಗೆ, ಸಕ್ಕರೆ ಡಬ್ಬಿಯ ಇರುವೆಗೆ ಎಂದು ಓಣಿಗೆಲ್ಲ ಸಣ್ಣ ಬಾಟಲಿಗಳಲ್ಲಿ ಹಂಚಿದ್ದ.

ಈಗ ಕೆನ್ನೆ ಊದಿ ಮೈ ಸುಡುತ್ತಿತ್ತು. ಹಲ್ಲಿನ ಡಾಕ್ಟರ್ ರೂಪಾಲಿ ಫೋನಿನಲ್ಲೇ, "ಕೀವು ಗಂಟಲಕ್ಕ ಇಳಿದ್ರ ಜೀವಕ್ಕ ತ್ರಾಸ. ಇವತ್ತ ಕರ್ಕೊಂಡು ಬರ್ರಿ" ಎಂದಿದ್ದರು.

"ಎಣ್ಣಿ ಐತಲ್ಲ," ಎಂದ ಸೋಮಪ್ಪ.

ಶಂಕ್ರೆವ್ವ ಬಾಟಲಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ತುಸು ಹೊತ್ತಿಗೆ ಅವನು ಗೋಡೆಯ ಮಾಡಗಳನ್ನೆಲ್ಲ ತಡಕತೊಡಗಿದ.

"ಬಾಟ್ಲಿ ಎಲ್ಲಿ?"

"ಮುಗೀತು."

"ನಿನ್ನೆ ಅರ್ಧ ಇತ್ತು."

"ನಿನ್ನೆ ಇತ್ರಿ. ಚಪ್ಪಲಿ ಹಾಕ್ಕೋರಿ, ಹೋಗೂಣು."

ಅವನು ಒಂದು ಚಪ್ಪಲಿ ಮೆಟ್ಟಿಯೂ ಇದ್ದ. ಅಷ್ಟರಲ್ಲಿ ನರಳಾಟ ಕೇಳಿ ಪಕ್ಕದ ಮನೆಯ ಗೋದುಬಾಯಿ ಬಂದಳು, ಕೈಯಲ್ಲಿ ಸಣ್ಣ ಬಾಟಲಿ.

"ಅಣ್ಣಾರ, ನೀವ ಕೊಟ್ಟಿದ್ರಲ್ಲ, ಹಂಗ ಇಟ್ಟೇನಿ."

ಅವಳ ಬೆನ್ನಿಗೇ ಎದುರುಮನೆಯ ಗುರುಬಸವ್ವ, ಅವಳ ಕೈಯಲ್ಲೂ ಒಂದು. ಸೋಮಪ್ಪ ಚಪ್ಪಲಿ ಬಿಟ್ಟ.

"ಎಲ್ಲಾರೂ ಕೂಡಿ ಇವ್ರನ್ನ ಮಣ್ಣಿಗಿ ಕಳಸ್ತೀರೇನ್ರವ್ವಾ?" ಎಂದಳು ಶಂಕ್ರೆವ್ವ.

"ಎರಡ ಹನಿ ಹಾಕಿದ್ರ ಏನಾಗ್ತೈತಿ, ನೀ ಸುಮ್ನಿರು," ಎನ್ನುತ್ತ ಗೋದುಬಾಯಿ ಹತ್ತಿ ನೆನೆಸಿದಳು. "ಬಾಯಿ ತಗೀರಿ."

ಸೋಮಪ್ಪ ತೆರೆಯಹೋದ. ಬೆರಳಿನಷ್ಟೂ ತೆರೆಯಲಿಲ್ಲ. ಮತ್ತೊಮ್ಮೆ ಹೆಣಗಿದ, ಕಣ್ಣಲ್ಲಿ ನೀರು ಬಂತೇ ಹೊರತು ದವಡೆ ಅಲ್ಲಾಡಲಿಲ್ಲ. ಹತ್ತಿ ಮುಂದಿನ ಹಲ್ಲು ದಾಟಲಿಲ್ಲ. ಗೋದುಬಾಯಿ ಬಾಟಲಿಯ ಮುಚ್ಚಳ ಬಿಗಿದಳು.

"ಗುರುಬಸವ್ವಾ, ಆಟೋ ಕರಿ," ಎಂದಳು ಮೆಲ್ಲಗೆ.

ರೂಪಾಲಿ ಅವತ್ತೇ ಕೀವು ತೆಗೆದು ಮಾತ್ರೆ ಬರೆದುಕೊಟ್ಟರು. ಎಂಟು ದಿನದ ಮೇಲೆ ಬಾಯಿ ಸಡಿಲಾಗಿ ಹಲ್ಲು ಕಿತ್ತರು, ಪಕ್ಕದ ಹುಳುಕಿಗೆ ಬಿಳಿ ಲೇಪ ತುಂಬಿದರು. ಕೋಣೆಯೆಲ್ಲ ಲವಂಗದ ವಾಸನೆ. ಸೋಮಪ್ಪ ಕುರ್ಚಿಯಲ್ಲಿ ಎದ್ದು ಕೂತು, ಲೇಪದ ಕಡೆಗೊಮ್ಮೆ ಹೆಂಡತಿಯ ಕಡೆಗೊಮ್ಮೆ ಬೆರಳು ತೋರಿಸಿದ.

"ಹೌದ್ರಿ, ಇದರಾಗೂ ಲವಂಗದೆಣ್ಣಿ ಐತಿ," ಎಂದರು ರೂಪಾಲಿ. "ನೋವು ತಣಸ್ತೈತಿ. ಕೀವು ತಗಿಯೂದಿಲ್ಲ."

ಅವನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಬಾಯಲ್ಲಿ ಹತ್ತಿ ಇದ್ದದ್ದರಿಂದ ಆಟೋದಲ್ಲಿ ಮನೆತನಕ ಬೆರಳಿನಲ್ಲೇ ವಾದಿಸಿದ.

ಸಂಜೆ ಜೋಳದ ಅಂಬಲಿಯ ಬಟ್ಟಲು ಹಿಡಿದು ಮೊದಲ ಮಾತಾಡಿದ: "ಎಂಟ ದಿನಾತು, ಅಂಬಲಿ ಲವಂಗ ನಾರ್ತೈತಿ. ಯಾಕ?"

ಶಂಕ್ರೆವ್ವನಿಗೆ ಹಿಟ್ಟಿನ ಡಬ್ಬಿ ಆಗ ನೆನಪಾಯಿತು.

"ಹಲ್ಲಿಗಿ ಚಲೋ ಅಂತರಿ," ಎಂದಳು. "ಕುಡೀರಿ."