ಗಿರಣಿ ಓಣಿಯ ಮುಖಗಳು

ನಾನು ಗದಗಿನ ಒಂದು ಹತ್ತಿ ಗಿರಣಿಯ ಹಿಂಬದಿಯ ಗೋಡೆ. ಕಲ್ಲುಕುಟಿಗರು ಹಾಡಿಕೊಳ್ಳುತ್ತ ನನ್ನನ್ನು ಕಟ್ಟಿದರು. ಕಳ್ಳರು ಹತ್ತದಿರಲೆಂದು ಯಜಮಾನರು ನನ್ನ ನೆತ್ತಿಗೆ ಗಾಜಿನ ಚೂರು ನೆಡಿಸಿದರು. ಆದರೂ ನನಗೆ ಯಾರೂ ಅಂಜುತ್ತಿರಲಿಲ್ಲ. ಪಾಳಿ ಬಿಟ್ಟೊಡನೆ ಕೂದಲಿಗೆಲ್ಲ ಹತ್ತಿ ಅಂಟಿದ ಹೆಂಗಸರು ನನಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅವರ ಬೆನ್ನಿನ ಬಿಸಿ ನನಗಿನ್ನೂ ನೆನಪಿದೆ.

ಗಿರಣಿ ಮುಚ್ಚಿತು. ಓಣಿಯೇ ಮೂಕವಾಯಿತು. ಬೀದಿದೀಪ ಕೆಟ್ಟಿತು, ಗಂಡಸರು ನನ್ನ ಬುಡದಲ್ಲಿ ನಿಂತು ಉಚ್ಚೆ ಹೊಯ್ಯತೊಡಗಿದರು. ನನಗೆ ಅಂಟಿಕೊಂಡ ಮೋರಿಕಟ್ಟೆಯ ಮೇಲೆ ಕೆಲಸವಿಲ್ಲದ ಹುಡುಗರು ಠಿಕಾಣಿ ಹೂಡಿದರು. ಹೆಣ್ಣುಮಕ್ಕಳು ಸುತ್ತುಬಳಸಿ ಬೇರೆ ದಾರಿ ಹಿಡಿದರು.

ನಿಂಗವ್ವನ ಮಗಳು ಭುವನಾ ಮಾತ್ರ ದಾರಿ ಬದಲಿಸಲಿಲ್ಲ. ಗಿರಣಿಯಲ್ಲಿ ದುಡಿದಿದ್ದ ನಿಂಗವ್ವ ಈಗ ರೊಟ್ಟಿ ಬಡಿದು ಮಾರಿ ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದಳು. ಒಂದು ಸಂಜೆ ಕಟ್ಟೆಯ ಹುಡುಗರಲ್ಲಿ ಯಮನೂರ ಎಂಬವನು ಭುವನಾಳ ದುಪಟ್ಟಾ ಹಿಡಿದೆಳೆದ. ಪುಸ್ತಕಗಳು ಕೆಸರಿಗೆ ಬಿದ್ದವು, ಉಳಿದವರು ನಕ್ಕರು. ನನಗೆ ಕೈಯಿರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದವರಿಗೆ ಕೈಗಳಿದ್ದವು, ಅವರೂ ಬರಲಿಲ್ಲ.

ಮರುದಿನ ಎಲ್ಲರೂ ನಿಂಗವ್ವನಿಗೇ ಬುದ್ಧಿ ಹೇಳಿದರು. "ಹುಡಿಗೀನ ಮನ್ಯಾಗ ಇಟ್ಕೋ. ಲಗ್ನಾ ಮಾಡಿ ಕಳಿಸಿಬಿಡು."

"ನನ್ನ ಮಗಳು ಯಾಕ ಒಳಗ ಕುಂಡ್ರಬೇಕು? ಓಣಿ ಏನ್ ಅವರಪ್ಪಂದೇನು?" ಎಂದಳು ಆಕೆ.

ಆ ವಾರವೇ ಓಣಿಯ ಡ್ರಾಯಿಂಗ್ ಟೀಚರ್ ವಾಸಂತಿಬಾಯಿ ಬಣ್ಣದ ಡಬ್ಬಿ ಹೊತ್ತು ನನ್ನ ಬಳಿ ಬಂದರು. ನವಿಲು, ಕಮಲ ಬರೆದರೆ ಇಲ್ಲಿನ ಹೊಲಸಾದರೂ ನಿಂತೀತು ಎಂದು ಅವರ ಲೆಕ್ಕಾಚಾರ. ನಿಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಬಾಯಾರ, ನವಿಲಿಗೆ ಯಾರ ಹೆದರ್ತಾರ? ನಮ್ಮ ಮಾರಿ ಬರೀರಿ. ಈ ಓಣ್ಯಾಗ ಯಾರ್ಯಾರ ಅದೀವಿ ಅಂತ ಮಂದಿ ನೋಡ್ಲಿ."

ಮೊದಲು ನಿಂಗವ್ವನ ಮುಖ ಮೂಡಿತು, ಪಕ್ಕದಲ್ಲಿ ತಲೆಯೆತ್ತಿ ನಿಂತ ಭುವನಾ. ಉಳಿದವರು ಹೊಸ್ತಿಲಲ್ಲೇ ನಿಂತು ನೋಡಿದರು. ಕೊನೆಗೆ ಬಳೆಗಾರ್ತಿ ಖೈರುನ್‌ಬಿ ಬುಟ್ಟಿ ಕೆಳಗಿಟ್ಟು, "ನಿಂಗವ್ವನ ಬಾಜೂಕ ನಾ ನಿಂದರ್ತೀನ್ರಿ" ಎಂದಳು. ಅಲ್ಲಿಗೆ ಉಳಿದವರ ಹಿಂಜರಿಕೆ ಬಿಟ್ಟುಹೋಯಿತು. ಒಬ್ಬರು ಪೊರಕೆ ತಂದರು, ಒಬ್ಬರು ನೀರು ಸುರಿದು ನನ್ನ ಬುಡ ತಿಕ್ಕಿದರು. ಎಷ್ಟೋ ವರ್ಷಗಳ ಮೇಲೆ ನನಗೆ ಮೈ ತೊಳೆದಂತಾಯಿತು.

ಒಂದು ಮಧ್ಯಾಹ್ನ ಯಮನೂರನ ತಾಯಿ ದ್ಯಾಮವ್ವ ಬಂದಳು.

"ಮೋರಿಕಟ್ಟಿ ಮ್ಯಾಲಿನ ಜಾಗಾ ಖಾಲಿ ಐತೇನ್ರಿ?" ಎಂದು ಕೇಳಿದಳು. "ನನ್ನ ಅಲ್ಲೇ ಬರೀರಿ. ಅವ ಎಲ್ಲಿ ಕುಂಡ್ರತಾನೋ ಅಲ್ಲೇ."

ವಾಸಂತಿಬಾಯಿಯ ಕುಂಚ ಗಾಳಿಯಲ್ಲೇ ಉಳಿಯಿತು. ನಿಂಗವ್ವ ಸ್ಟೂಲು ಎಳೆದು ತಂದಳು. "ಕುಂಡ್ರವಾ. ಬಿಸಲೈತಿ" ಎಂದು ತನ್ನ ಸೆರಗನ್ನೇ ಅವಳ ತಲೆಯ ಮೇಲೆ ನೆರಳಾಗಿ ಹಿಡಿದಳು. ದ್ಯಾಮವ್ವ ಅತ್ತಳು. ವಾಸಂತಿಬಾಯಿ ಅಳುವ ಮುಖ ಬರೆಯಲಿಲ್ಲ, ಉಣ್ಣಲು ಕರೆಯುವ ತಾಯಿಯ ಮುಖ ಬರೆದರು.

ಸಂಜೆ ಯಮನೂರ ಬಂದು ಕಟ್ಟೆಯ ಮೇಲೆ ಕೂತ. ಗೆಳೆಯರೇಕೆ ಮೇಲೆ ನೋಡುತ್ತಿದ್ದಾರೆಂದು ತಾನೂ ತಿರುಗಿ ನೋಡಿದ. ಕೈಯ ಬೀಡಿ ಜಾರಿತು. ಎದ್ದು ನಿಂತ. ಅಷ್ಟರಲ್ಲಿ ಭುವನಾ ಕಾಲೇಜಿನಿಂದ ಬರುತ್ತಿದ್ದಳು.

"ತಪ್ಪಾತಕ್ಕಾ" ಎಂದ, ಗಂಟಲೊಳಗೇ.

"ಕೇಳ್ತು" ಎಂದಷ್ಟೇ ಹೇಳಿ ಅವಳು ನಡೆದಳು. ನಿಲ್ಲಲಿಲ್ಲ. ಅವನು ಮತ್ತೆ ಆ ಕಟ್ಟೆಯ ಮೇಲೆ ಕೂರಲಿಲ್ಲ.

ಆಮೇಲೆ ಓಣಿಗೆ ದೀಪ ಬಂತು. ಸಂಜೆಗಳಲ್ಲಿ ಹೆಂಗಸರು ಮೊರ ಹಿಡಿದು ನನ್ನ ಮುಂದೆ ಅಕ್ಕಿ ಹಸನು ಮಾಡುತ್ತ ಕೂರುತ್ತಿದ್ದರು. ಓಣಿಯನ್ನು ಕಾಯುತ್ತಿದ್ದವರು ಅವರೇ. ನಾನು ಅವರಿಗೊಂದು ನೆವ ಮಾತ್ರ.

ಈಗ ನನಗೆ ವಯಸ್ಸಾಗಿದೆ. ರಸ್ತೆ ಅಗಲ ಮಾಡುವಾಗ ನನ್ನ ಅರ್ಧ ಮೈ ಹೋಯಿತು. ಖೈರುನ್‌ಬಿ, ದ್ಯಾಮವ್ವ ಇಬ್ಬರೂ ತೀರಿಕೊಂಡರು. ಉಳಿದ ಬಣ್ಣ ಚಕ್ಕೆಯೆದ್ದು ಉದುರುತ್ತಿದೆ. ಇವರೆಲ್ಲ ಯಾರೆಂದು ಈಗಿನ ಮಕ್ಕಳು ಕೇಳುವುದಿಲ್ಲ. ಮೊದಲು ನನಗೆ ಬೇಸರವಾಗುತ್ತಿತ್ತು.

ಮೊನ್ನೆ ಕತ್ತಲಾಗುವ ಹೊತ್ತಿಗೆ ಒಬ್ಬ ಹುಡುಗಿ ನನಗೆ ಬೆನ್ನು ಕೊಟ್ಟು ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ತಾಯಿ ಕರೆದೊಯ್ಯಲು ಬರುತ್ತೇನೆ ಎಂದಿರಬೇಕು.

"ಬ್ಯಾಡವಾ, ನೀ ಬರಬ್ಯಾಡ" ಎಂದು ಹುಡುಗಿ ನಕ್ಕಳು. "ನಾ ಗಿರಣಿ ಓಣ್ಯಾಗ ಅದೀನಿ."