ಅಕ್ಕನ ಕಾಲಿಗಾಗದ ಬೂಟು

ನನ್ನ ಅಕ್ಕನ ಪಾದ ನನ್ನದಕ್ಕಿಂತ ಒಂದು ಸೈಜು ದೊಡ್ಡದು. ಈ ಒಂದೇ ಕಾರಣಕ್ಕೆ ನಾನು ಜೀವಮಾನವಿಡೀ ದೊಗಳೆ ಶೂಗಳಲ್ಲಿ ಓಡಾಡಿದ್ದೇನೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ವಸ್ತು ತರುವ ಪದ್ಧತಿ: ಒಂದು ಸೈಕಲ್ಲು, ಒಂದು ಕೊಡೆ, ಒಂದು ಜೊತೆ ಶೂ. ಅಳತೆ ಮಾತ್ರ ಯಾವತ್ತೂ ಅಕ್ಕನದು. "ದೊಡ್ಡದಾದ್ರೆ ಹತ್ತಿ ತುರುಕಬಹುದು, ಚಿಕ್ಕದಾದ್ರೆ ಕಾಲು ಕೊಯ್ಯೋಕಾಗುತ್ತಾ?" ಎಂದು ಅಮ್ಮ ಕೇಳುತ್ತಿದ್ದಳು. ಅಮ್ಮ ಹೋದ ಮೇಲೆ ಆ ಪ್ರಶ್ನೆಯನ್ನು ಅಕ್ಕ ವಹಿಸಿಕೊಂಡಳು. ಈಗ ನನ್ನ ಕೂದಲು ನರೆತಿದೆ, ಸ್ವಂತದ್ದೊಂದು ಹೊಲಿಗೆ ಅಂಗಡಿಯಿದೆ. ಬೀದಿಯವರಿಗೆಲ್ಲ ಅವರವರ ಮೈಗೆ ತಕ್ಕಂತೆ ಬಟ್ಟೆ ಹೊಲಿದು ಕೊಡುವ ನನ್ನ ಕಾಲಿಗೆ ಮಾತ್ರ ಇನ್ನೂ ಹತ್ತಿಯೇ ಗತಿ.

ಕುದುರೆ ಸವಾರಿ ಕಲಿಯಬೇಕೆಂದು ಹಟ ಹಿಡಿದವಳು ನಾನು. "ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು?" ಎಂದು ಗೊಣಗಿದ ಅಕ್ಕ, ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೂ ಹೆಸರು ಬರೆಸಿ ಬಂದಳು. ಹೊಸಬರಿಗೆಂದು ಅಲ್ಲಿದ್ದದ್ದು ಒಂದೇ ಕುದುರೆ. ಒಬ್ಬಳು ಇಳಿದ ಮೇಲೆ ಇನ್ನೊಬ್ಬಳು ಹತ್ತಬೇಕು. ಅಂದಮೇಲೆ ಬೂಟೂ ಒಂದೇ ಜೊತೆ ಸಾಕು ಎಂದು ಅಕ್ಕ ತೀರ್ಮಾನ ಕೊಟ್ಟಳು.

ಸವಾರಿ ಕಲಿಸುವ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. "ದುಬಾರಿ ಬೂಟು ಬೇಡ. ಮೊಣಕಾಲಿನ ತನಕ ಬರೋದೂ ಬೇಡ, ಗಿಡ್ಡದೇ ಸಾಕು. ಆದ್ರೆ ಹಿಮ್ಮಡಿ ಇರ್ಬೇಕು, ಅಟ್ಟೆ ನುಣ್ಣಗಿರ್ಬೇಕು, ಕಾಲಿಗೆ ಅಳತೆ ಸರಿಯಾಗಿರ್ಬೇಕು. ಹಿಮ್ಮಡಿ ಇಲ್ಲದಿದ್ರೆ ಜೀನಿನ ಕೆಳಗೆ ಕಾಲಿಡೋ ಬಳೆಯೊಳಗೆ ಪಾದ ಪೂರ್ತಿ ತೂರಿಕೊಳ್ಳುತ್ತೆ. ಬಿದ್ರೆ ಕುದುರೆ ಎಳ್ಕೊಂಡು ಹೋಗುತ್ತೆ."

ಕಾಲಿಗೆ ಅಳತೆ ಸರಿಯಾಗಿರಬೇಕಂತೆ! ನನ್ನ ಕಿವಿ ನೆಟ್ಟಗಾಯಿತು. ಒಂದೇ ಒಂದು ಸಲ, ಒಂದೇ ಒಂದು ಜೊತೆ, ನನ್ನ ಕಾಲಿನ ಅಳತೆಯದು ಮನೆಗೆ ಬರಬೇಕು. ಅದಕ್ಕಾಗಿ ಏನು ಮಾಡಲೂ ನಾನು ಸಿದ್ಧಳಿದ್ದೆ.

ಅಕ್ಕನಿಗೆ ಅಂಗಾಲಿನಲ್ಲಿ ವಿಪರೀತ ಕಚಗುಳಿ. ಅಂಗಡಿಯವರು ಪಾದ ಮುಟ್ಟಿದರೆ ಕುರ್ಚಿಯಿಂದಲೇ ಹಾರುತ್ತಾಳೆ. ಹಾಗಾಗಿ ಮನೆಯಲ್ಲೇ ಕಂದು ಕಾಗದದ ಮೇಲೆ ನಿಲ್ಲಿಸಿ, ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪಾದದ ಸುತ್ತ ಗೆರೆ ಎಳೆದೆ. ಅವಳು ಕಿಸಿಕಿಸಿ ನಗುತ್ತಾ ಕುಣಿಯುತ್ತಿದ್ದಳು. ಕತ್ತರಿ ನನ್ನ ಕೈಯಲ್ಲಿತ್ತು. ಹೊಲಿಗೆಯವರು ಗೆರೆಯ ಹೊರಗೆ ಅಂಚು ಬಿಟ್ಟು ಕತ್ತರಿಸುವುದು ವಾಡಿಕೆ. ನಾನು ಒಳಗೆ ಕತ್ತರಿಸಿದೆ. ಸುತ್ತಲೂ ಚೂರೇ ಚೂರು. ಅಕ್ಕನ ಕಾಗದದ ಪಾದ ನನ್ನ ಪಾದದಷ್ಟೇ ಮುದ್ದಾಗಿ ಬಂತು.

ಅಂಗಡಿಯವನಿಗೆ ನಾವಿಟ್ಟ ಹೆಸರು ಮೀಸೆಯಣ್ಣ. ಅವನು ಮೊದಲು ಮೊಣಕಾಲು ಮುಟ್ಟುವ ಹೊಳೆಯುವ ಚರ್ಮದ ಬೂಟು ತಂದಿಟ್ಟ. ಬೆಲೆ ಕೇಳಿ ಅಕ್ಕ ಅದನ್ನು ಮಲಗಿದ ಮಗುವಿನಂತೆ ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಬಂದದ್ದು ಅಗ್ಗದ ರಬ್ಬರಿನದು, ಅಟ್ಟೆಯ ತುಂಬ ಟ್ರ್ಯಾಕ್ಟರ್ ಚಕ್ರದ ಹಾಗೆ ಹಲ್ಲು. ಅದು ನನಗೇ ಬೇಡವೆನಿಸಿತು. ಕೊನೆಗೆ ಗಿಡ್ಡ ಬೂಟು ಬಂತು: ಪಕ್ಕದಲ್ಲಿ ಎಲಾಸ್ಟಿಕ್, ಪುಟ್ಟ ಹಿಮ್ಮಡಿ, ನುಣುಪು ಅಟ್ಟೆ, ನಮ್ಮ ಕೈಗೆಟುಕುವ ಬೆಲೆ. ಮೀಸೆಯಣ್ಣ ಕಾಗದದ ಪಾದವನ್ನು ಅಟ್ಟೆಯ ಮೇಲಿಟ್ಟು ತಲೆಯಾಡಿಸಿದ.

"ಕಾಗದಕ್ಕೆ ಸರಿಯಾಗಿದೆ. ಆದ್ರೂ ಒಂದ್ಸಲ ಹಾಕಿ ನೋಡಿಬಿಡಿ ಅಮ್ಮಾ."

ಅಕ್ಕ ಕುರ್ಚಿಯಲ್ಲಿ ಕೂತು, ಹಲ್ಲು ಕಚ್ಚಿ, ಬೂಟಿನ ಹಿಂದಿನ ಪಟ್ಟಿ ಹಿಡಿದು ಎಳೆದಳು. ಮುಖ ಕೆಂಪಾಯಿತು. ಕೊನೆಗೂ ಕಾಲು ಒಳಗೆ ಹೋಯಿತು. ಎದ್ದು ನಿಂತಳು, ಬಾತುಕೋಳಿಯಂತೆ ಅತ್ತಿತ್ತ ನಡೆದಳು.

"ಹೇಗಿದೆಯಕ್ಕಾ?" ಎಂದೆ, ಬೆಣ್ಣೆಯಂಥ ದನಿಯಲ್ಲಿ.

"ಹೇಳಿ ಮಾಡಿಸಿದ ಹಾಗಿದೆ ಕಣೇ," ಎಂದಳು.

ನಾನು ಒಳಗೊಳಗೇ ಕುಣಿದೆ. ಜಂಬದ ಮುದುಕಿ, ತನ್ನ ಕಾಲು ದೊಡ್ಡದೆಂದು ಒಪ್ಪಿಕೊಳ್ಳುವುದಕ್ಕಿಂತ ಬೆರಳು ಜಜ್ಜಿಕೊಳ್ಳುವುದೇ ಮೇಲೆಂದುಕೊಂಡಳಲ್ಲ! ಆದರೆ ಬಿಚ್ಚುವ ಹೊತ್ತಿಗೆ ಬೂಟು ಕದಲಲಿಲ್ಲ. ನಾನು ಎಳೆದೆ, ಮೀಸೆಯಣ್ಣ ಎಳೆದ. ಅವಳ ತೋಳನ್ನು ನಾನು ಹಿಂದಕ್ಕೆ, ಬೂಟನ್ನು ಅವನು ಮುಂದಕ್ಕೆ ಜಗ್ಗಿದಾಗ ಅದು ಕಳಚಿ, ಅವನು ಪೆಟ್ಟಿಗೆಗಳ ರಾಶಿಯ ಮೇಲೆ ಕೂತ. ಅಕ್ಕನ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಪಾಪ ಅನ್ನಿಸಿತು. ಅನ್ನಿಸಿತು ಅಷ್ಟೆ, ಬಾಯಿ ಬಿಡಲಿಲ್ಲ.

"ಇನ್ನೊಂದು ಸೈಜು ದೊಡ್ಡದು ಕೊಡ್ಲಾ?" ಎಂದ ಮೀಸೆಯಣ್ಣ, ಬೆನ್ನು ನೀವಿಕೊಳ್ಳುತ್ತಾ.

"ಏನೂ ಬೇಡಪ್ಪ. ಇದನ್ನೇ ಕಟ್ಟಿಕೊಡು," ಎಂದಳು ಅಕ್ಕ.

ಮರುದಿನ ಮೈದಾನದಲ್ಲಿ ಮೇಷ್ಟ್ರು "ಮೊದಲು ದೊಡ್ಡವರು ಬನ್ನಿ," ಎಂದು ಕರೆದರು. ಅಕ್ಕ ಬೇಲಿಯ ಪಕ್ಕದ ಬೆಂಚಿನಲ್ಲಿ ಆರಾಮವಾಗಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡಳು.

"ನನಗಾಗಲ್ಲ ಮೇಷ್ಟ್ರೇ. ಬೂಟು ಚಿಕ್ಕದು. ತಂಗಿ ಗೆರೆ ಒಳಗೆ ಕತ್ತರಿಸಿಬಿಟ್ಳು."

ಹತ್ತಿರ ಹೋಗಿ ಪಿಸುಗುಟ್ಟಿದೆ. "ಗೊತ್ತಿತ್ತಾ?"

"ಸೀಮೆಸುಣ್ಣದ ಗೆರೆ ಪೂರ್ತಿ ಕತ್ತರಿಸಿ ಬಿದ್ದ ಚೂರಲ್ಲೇ ಇತ್ತಲ್ಲೇ. ನಾನೇನು ಕುರುಡೀನಾ?"

"ಮತ್ಯಾಕೆ ಸುಮ್ನಿದ್ದೆ? ಕಾಲು ಜಜ್ಜಿಕೊಂಡು ಚೆನ್ನಾಗಿದೆ ಅಂದೆಯಲ್ಲ!"

ಅಕ್ಕ ಕುದುರೆಯನ್ನು ಕಿವಿಯಿಂದ ಬಾಲದ ತನಕ ನೋಡಿದಳು. "ಅದರ ಎತ್ತರ ನೋಡಿದ್ಯಾ? ಹೆಸರು ಬರೆಸಿದ ದಿನದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ಹೇಗಪ್ಪಾ ತಪ್ಪಿಸ್ಕೊಳ್ಳೋದು ಅಂತಿದ್ದೆ. ನೀನೇ ದಾರಿ ಮಾಡ್ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಹೋಗು, ಹತ್ತು."

ಬೂಟು ಹಾಕಿಕೊಂಡೆ. ಹತ್ತಿ ಇಲ್ಲ, ಮಡಚಿದ ಕಾಗದ ಇಲ್ಲ. ಹಿಮ್ಮಡಿ ಹಿಮ್ಮಡಿಯ ಜಾಗದಲ್ಲಿ, ಬೆರಳು ಬೆರಳಿನ ಜಾಗದಲ್ಲಿ. ಎಷ್ಟು ಸುಖವೆನಿಸಿತೆಂದರೆ ಕಣ್ಣು ತೇವವಾಯಿತು. ಎಡಗಾಲನ್ನು ಬಳೆಯೊಳಗಿಟ್ಟೆ. ಕುದುರೆ ತಲೆ ಕೊಡವಿ ಬುಸ್ಸೆಂದಿತು. ಜೀವ ಬಾಯಿಗೆ ಬಂತು.

"ಒಂದ್ನಿಮಿಷ ಮೇಷ್ಟ್ರೇ, ಈ ಬೂಟು..." ಎಂದೆ. ಮಾತು ಅಲ್ಲಿಗೇ ನಿಂತಿತು.

ಶಾಲೆಯ ಓಟದಲ್ಲಿ ಕೊನೆಗೆ ಬಂದಾಗ, ಗೆಳತಿಯರು ಬೆಟ್ಟ ಹತ್ತುವಾಗ ಕೆಳಗೇ ಉಳಿದಾಗ, ಮದುವೆಮನೆಗಳಲ್ಲಿ ಕುಣಿಯಲು ಕರೆದಾಗ, ಎಲ್ಲ ಸಲವೂ ನಾನು ನೆಪವಾಗಿ ತೋರಿಸಿದ್ದು ಕಾಲಿನಲ್ಲಿದ್ದ ಅಕ್ಕನ ಅಳತೆಯನ್ನೇ. ನಾನು ಹೆದರುಪುಕ್ಕಲಿ ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

"ಬೂಟಿಗೇನಾಯ್ತು? ಸಡಿಲಾನಾ?" ಮೇಷ್ಟ್ರು ಬಗ್ಗಿ ನೋಡಿದರು.

ಬೆಂಚಿನಿಂದ ಅಕ್ಕ ಕತ್ತು ಉದ್ದ ಮಾಡಿ ಕಾಯುತ್ತಿದ್ದಳು.

"ಇಲ್ಲ," ಎಂದೆ. "ಸರಿಯಾಗಿದೆ." ಮತ್ತೇನು ಮಾಡಲಿ, ಜೀನು ಹಿಡಿದು ಮೇಲೇರಿದೆ.