ಫ್ಲೆಕ್ಸಿನ ಮೇಲಿನ ಮಾದೇವಿ

ದಿವ್ಯ ತಾರಸಿಯ ಮೇಲೆ ಒಣಗಿದ ರಾಗಿಯನ್ನು ಮೊರಕ್ಕೆ ಬಾಚುತ್ತಿದ್ದಳು. ರಾಗಿಯ ಕೆಳಗೆ ಹಾಸಿದ್ದು ಕಟ್ಟಿ ಉಳಿದಿದ್ದ ಒಂದು ಫ್ಲೆಕ್ಸ್. ಕಾಳು ಸರಿದಂತೆಲ್ಲ ಒಂದು ಹಣೆ ಕಂಡಿತು, ಆಮೇಲೆ ಎರಡು ಕಣ್ಣು.

ಮಾದೇವಿಯ ಕಣ್ಣು. ಜಯನಗರದ ಮಕ್ಕಳ ಆಶ್ರಮದ ಹುಡುಗಿ. ಅವಳ ಓದಿಗೆ ಸ್ಪಾನ್ಸರ್ ಆದಾಗ ದಿವ್ಯಳ ಮಾವ ಬೋರಣ್ಣ ಅಂಜನಾಪುರದ ಬೀದಿಬೀದಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ಅವರದು ದೊಡ್ಡ ಮುಖ, ಮಗುವಿನದು ಚಿಕ್ಕದು, ಕೆಳಗೆ ಅವಳ ಹೆಸರು, ಆಶ್ರಮದ ಹೆಸರು.

ಗಾಳಿ ನುಗ್ಗಿ ಫ್ಲೆಕ್ಸ್ ಉಬ್ಬಿತು. ಮಡಿಕೆ ಬಿದ್ದಿದ್ದ ಬಾಯಿ ತೆರೆದು ಮುಚ್ಚಿದಂತಾಯಿತು. ದಿವ್ಯ ಮೊರ ಬಿಟ್ಟು ಕೆಳಗೆ ಓಡಿದಳು.

ಹಜಾರದಲ್ಲಿ ನೆರೆಮನೆಯ ವಾರಿಜಾ ನಿಂತಿದ್ದರು. ವಾರಕ್ಕೊಮ್ಮೆ ಆಶ್ರಮಕ್ಕೆ ಹೋಗಿ ಮಕ್ಕಳಿಗೆ ಪಾಠ ಹೇಳುವವರು.

"ಬೋರಣ್ಣ, ಆ ಫ್ಲೆಕ್ಸ್ ಎಲ್ಲ ಬಿಚ್ಚಿಸಿ."

"ಯಾಕ್ ವಾರಿಜಮ್ಮ? ಗಣೇಶನಿಗೆ ಕಟ್ತೀವಿ, ಬರ್ತ್‌ಡೇಗೆ ಕಟ್ತೀವಿ. ಪುಣ್ಯದ ಕೆಲಸಕ್ಕೆ ಕಟ್ಬಾರ್ದಾ?"

"ಅದನ್ನ ಓದ್ಕೊಂಡು ಮುಸ್ಸಂಜೇಲಿ ಯಾರೋ ಆಶ್ರಮದ ಗೇಟ್ ಹತ್ರ ಬಂದಿದ್ದ. 'ಮಾದೇವಿ, ಚಿಕ್ಕಪ್ಪ ಬಂದಿದೀನಿ, ಬಾ' ಅಂತ ಕರ್ದ. ಅವಳಿಗೆ ಚಿಕ್ಕಪ್ಪನೇ ಇಲ್ಲ."

"ಅಯ್ಯೋ ಶಿವನೇ!" ಬೋರಣ್ಣನ ಹೆಂಡತಿ ಅಂಜನಮ್ಮ ಎದೆ ಹಿಡಿದುಕೊಂಡರು. "ಮಗು ಹೋಯ್ತಾ?"

"ಗೇಟ್ ತನಕ ಹೋಗಿದ್ಲು. ವಾಚ್‌ಮನ್ ಕೂಗಿದ್ದಕ್ಕೆ ಅವನು ಓಡಿಹೋದ. ಪೊಲೀಸರು ಹುಡುಕ್ತಾ ಇದಾರೆ, ಇನ್ನೂ ಸಿಕ್ಕಿಲ್ಲ. ಆವತ್ತಿಂದ ಯಾರು ಹೆಸರು ಹಿಡಿದು ಕರೆದ್ರೂ ಅವಳು ಓಗೊಡಲ್ಲ."

ಸಂಜೆ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬೇಡ ಎಂದು ದಿವ್ಯಳ ಅಜ್ಜಿ ಹೇಳುತ್ತಿದ್ದರು. ಆ ಮಗುವಿಗೆ ಹಾಗೆ ಹೇಳುವ ಅಜ್ಜಿಯೂ ಇರಲಿಲ್ಲ.

"ನಾನು ಫೀಸ್ ಕಟ್ಟಿದೀನಲ್ಲಮ್ಮ, ಇನ್ನೇನ್ ಮಾಡ್ಬೇಕಿತ್ತು?"

"ಒಂದ್ಸಲನಾದ್ರೂ ಅವಳನ್ನ ನೋಡೋಕ್ ಹೋಗಿದೀರಾ?"

"ಫೋಟೋ ತೆಗೆಸ್ಕೊಳ್ಳೋಕೆ ಹೋಗಿದ್ನಲ್ಲ."

"ಇವರ ಮೀಸೆಯಷ್ಟಿದೆ ಆ ಫೋಟೋಲಿ ಮಗು ಮುಖ!" ಎಂದರು ಅಂಜನಮ್ಮ.

ವಾರಿಜಾ ನಗಲಿಲ್ಲ. "ಸ್ಪಾನ್ಸರ್ ಅಂದ್ರೆ ಫೀಸ್ ಕಟ್ಟಿ ಕೈ ತೊಳ್ಕೊಳ್ಳೋದಲ್ಲ ಬೋರಣ್ಣ. ಓದು ಮುಗಿಯೋ ತನಕ ನಡುವೆ ಕೈ ಬಿಡಬಾರ್ದು. ಆಶ್ರಮದವರನ್ನ ಕೇಳಿ, ಅವರು ಹೇಳಿದ ದಿನ ಹೋಗಿ, ಓದು ಹೇಗಿದೆ, ಆರೋಗ್ಯ ಹೇಗಿದೆ ವಿಚಾರಿಸ್ಬೇಕು. ಮಗುವಿನ ಹೆಸರು, ಮುಖ, ವಿಳಾಸ ಎಲ್ಲೂ ಹಾಕೋ ಹಾಗಿಲ್ಲ. ಕಾನೂನೂ ಒಪ್ಪಲ್ಲ."

"ಊರಿಗೆ ಗೊತ್ತಾಗ್ದೆ ಮಾಡಿದ್ರೆ ಮಾಡ್ದಂಗೇ ಆಗಲ್ವಲ್ಲಮ್ಮ..."

ದಿವ್ಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನ ಎದುರು ದನಿ ಎತ್ತಿದವಳಲ್ಲ. "ಮಾವ, ಒಂದ್ಸಲ ಮೇಲೆ ಬನ್ನಿ," ಎಂದಳು.

ಬೋರಣ್ಣ ತಾರಸಿಗೆ ಹೋದರು. ಉಳಿದ ರಾಗಿ ಅವರ ಮುಖವನ್ನು ಪೂರ್ತಿ ಮುಚ್ಚಿತ್ತು. ಕಾಣುತ್ತಿದ್ದದ್ದು ಮಗುವಿನ ಮುಖ ಮಾತ್ರ. ಅವರು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಅದು ಅವರನ್ನೇ ನೋಡುತ್ತಿತ್ತು. ಕತ್ತಲಾಗುವ ಮೊದಲೇ ಅವರು ಏಣಿ ಹೊತ್ತು ಬೀದಿಗಿಳಿದರು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಒಂದು ಮಗುವಿಗೆ ಸ್ಪಾನ್ಸರ್ ಆಗಿ. ಕೊನೆತನಕ ಜೊತೆಗಿರುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಆಗಿ. ಆ ಮಗುವಿನ ಫೋಟೋ ನಿಮ್ಮ ಮೊಬೈಲಿನಲ್ಲಿದ್ದರೆ ಯಾರಿಗೂ ಕಳಿಸಬೇಡಿ.

ಬೋರಣ್ಣ ಈಗ ಪ್ರತಿ ತಿಂಗಳೂ ತಪ್ಪದೆ ಆಶ್ರಮಕ್ಕೆ ಹೋಗುತ್ತಾರೆ. ಮೊನ್ನೆಯೂ ಮಕ್ಕಳನ್ನು ನೋಡಿಕೊಳ್ಳುವ ಅಕ್ಕನ ಜೊತೆ ಮಾದೇವಿಯ ಕೋಣೆಯ ಮುಂದೆ ಕುಳಿತರು. ಒಳಗೆ ಬಳೆ ಸದ್ದಾಗಿ ನಿಂತಿತು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಂತಾಯಿತು.

"ಮಾದೇವಿ, ನಾನಮ್ಮ, ಬೋರಜ್ಜ. ಒಂದ್ಸಲ ಓಗೊಡು."